ಬಾಯಿ ತಾಗಿಸಿದ್ದು ಲೆಕ್ಕಕ್ಕಿಲ್ಲ

ಇಗೋ, ರೊಟ್ಟಿಯ ಮೇಲೆ ಕೈ ಇಟ್ಟಿದ್ದೇನೆ. ನಾನು ಹೇಳುವುದರಲ್ಲಿ ಒಂದು ಮಾತು ಸುಳ್ಳಿದ್ದರೂ ಈ ರೊಟ್ಟಿಯೇ ನನ್ನನ್ನು ಹೊಡೆಯಲಿ. ಈಗಷ್ಟೇ ಒಲೆಯಿಂದ ತೆಗೆದದ್ದು, ಅಂಗೈ ಸುಡುತ್ತಿದೆ, ಆದರೂ ತೆಗೆಯುವುದಿಲ್ಲ. ಸುಳ್ಳು ಹೇಳುವ ಉದ್ದೇಶವಿದ್ದರೆ ನಿನ್ನೆಯ ರೊಟ್ಟಿ ತರಿಸುತ್ತಿದ್ದೆ.

ನೀವು ಬಿಷ್ಕೆಕ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿರಿ. ನನ್ನ ಕೌದಿಯ ಮೇಲೆ ಕೂತಿರಿ, ನನ್ನ ಚಹಾ ಕುಡಿದಿರಿ, ಆಮೇಲೆ ಬಾಯಿಬಿಟ್ಟು ನನ್ನ ಕುದುರೆ ಚಬ್ದಾರನನ್ನು ಕೇಳಿದಿರಿ. ಮನೆಗೆ ಬಂದ ಅತಿಥಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವ ಕಿರ್ಗಿಜ್ ಇನ್ನೂ ಹುಟ್ಟಿಲ್ಲ. ನಮ್ಮ ತಾತ ಹೀಗೆಯೇ ಒಬ್ಬ ಅತಿಥಿಗೆ ತಲೆಯ ಮೇಲಿನ ಟೋಪಿ ಕೊಟ್ಟು, ಹಿಮ ಬೀಳುವಾಗ ಬರಿದಲೆಯಲ್ಲಿ ಮನೆಗೆ ಬಂದು ಒಂದು ಕಿವಿ ಕಳೆದುಕೊಂಡರು. ಎರಡನೆಯ ಕಿವಿಯನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಅದನ್ನೂ ಕೊಡುತ್ತಿದ್ದರು. ಆದ್ದರಿಂದ ನಾನು ಇಲ್ಲ ಎನ್ನುವುದಿಲ್ಲ. ಬೇಕೇ ಬೇಕು ಎಂದರೆ ಕುದುರೆ ನಿಮ್ಮದು. ಹಗ್ಗ ಅಲ್ಲೇ ಗೂಟದಲ್ಲಿದೆ.

ಅವನು ಹುಟ್ಟಿದ ವಾರವೇ ಅವನ ತಾಯಿ ತೋಳದ ಪಾಲಾಯಿತು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದೆ. ಈಗಲೂ ನನ್ನ ಕೆಮ್ಮು ಕೇಳಿದರೆ ಕಿವಿ ತಿರುಗಿಸುತ್ತಾನೆ. ಕಿಟಕಿಯಲ್ಲಿ ನೋಡಿ, ಕೆಮ್ಮುತ್ತೇನೆ. ಕಂಡಿರಾ? ಹೋಗಲಿ ಬಿಡಿ, ಬಿಷ್ಕೆಕ್‌ನಲ್ಲೂ ಕೆಮ್ಮುವವರು ಇರುತ್ತಾರೆ.

ನಿಮ್ಮನ್ನು ಇಲ್ಲಿಗೆ ಕಳಿಸಿದ್ದು ಕದಿರಾಲಿ ಎಂದಿರಿ. ಅವನು ನನ್ನ ಹೆಂಡತಿಯ ಅಣ್ಣ. ಅವನು ಕಳಿಸಿದ್ದರೆ ಅರ್ಧ ಕಥೆ ಹೇಳಿ ಕಳಿಸಿರುತ್ತಾನೆ. ಉಳಿದರ್ಧ ನಾನು ಹೇಳುತ್ತೇನೆ, ಕೇಳಿದ ಮೇಲೆ ನೀವೇ ತೀರ್ಮಾನ ಮಾಡಿ. ಅಷ್ಟರಲ್ಲಿ ರೊಟ್ಟಿ ಮುರಿದುಕೊಳ್ಳಿ, ನನ್ನ ಕೈ ಪಕ್ಕದಿಂದಲೇ ಮುರಿಯಿರಿ. ಕೆನೆ ಹಚ್ಚಿಕೊಳ್ಳಿ. ಊಟವಲ್ಲ ಇದು, ಸುಮ್ಮನೆ ಬಾಯಿ ತಾಗಿಸಿ.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಚಬ್ದಾರ್ ಹೊಳೆಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ. ಎದ್ದ, ನಡೆದ. ಆದರೆ ಬೆನ್ನು ಮುಟ್ಟಿದರೆ ಚರ್ಮ ನಡುಗಿಸುತ್ತಿದ್ದ. ನಮ್ಮ ಪಶುವೈದ್ಯ ಸುಯುನ್‌ಬಾಯ್ ಬಂದು, ಬೆನ್ನುಮೂಳೆಯ ಉದ್ದಕ್ಕೂ ಹೆಬ್ಬೆರಳು ಒತ್ತಿಕೊಂಡು ಹೋಗಿ, ಕೊನೆಗೆ ಕುದುರೆಯನ್ನು ಬಿಟ್ಟು ನನ್ನ ಹೊಟ್ಟೆಯನ್ನು ನೋಡಿದ.

“ಜೀನು ಸೇರಿ ತೊಂಬತ್ತು ಕಿಲೋ,” ಅಂದ. “ಅದರ ಮೇಲೆ ಒಂದು ಬೆಕ್ಕು ಕೂತ್ರೂ ಬೆನ್ನು ಹೋಗುತ್ತೆ. ಬೆನ್ನು ಹೋದ್ರೆ ನಡಿಗೆ ಹೋಗುತ್ತೆ. ನಡಿಗೆ ಹೋದ ಕುದುರೇನ ಏನ್ಮಾಡ್ತಾರೆ ಗೊತ್ತಲ್ಲ, ಶೈಲೋ?”

“ಏನ್ಮಾಡ್ತಾರೆ?”

“ಕೊಯ್ದು, ಮಾಂಸಾನ ಕರುಳಲ್ಲಿ ತುಂಬಿ ಒಲೆ ಮೇಲೆ ನೇತುಹಾಕ್ತಾರೆ.”

ಬೇರೆ ಊರಿನಲ್ಲಾಗಿದ್ದರೆ ನಾನು ಎಂಬತ್ತು ಕಿಲೋ ಇದ್ದೇನೆ ಎಂದು ಹೇಳಿ ಬಚಾವಾಗಬಹುದಿತ್ತು. ನನ್ನ ಅಂಗಳದಲ್ಲಿ ಅದು ನಡೆಯುವುದಿಲ್ಲ. ಸೋವಿಯತ್ ಕಾಲದ ಸಾಮೂಹಿಕ ಬೇಸಾಯದ ಕೊಲ್ಖೋಜ್ ಮುರಿದು ಆಸ್ತಿ ಹಂಚಿದಾಗ ಒಬ್ಬರಿಗೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು, ಇನ್ನೊಬ್ಬರಿಗೆ ಹಿಂದಿನವು, ನಮ್ಮಪ್ಪನಿಗೆ ದನ ತೂಗುವ ತಕ್ಕಡಿ ಸಿಕ್ಕಿತು. ಬರುವಾಗ ನೋಡಿದಿರಲ್ಲ, ಸುತ್ತ ಕಟಕಟೆ ಇರುವುದು, ಅದೇ. ಊರಿನ ಕುರಿ, ಕರು, ಉಣ್ಣೆ ಎಲ್ಲ ಅದರ ಮೇಲೆಯೇ ತೂಗಬೇಕು. ಹಾಗಾಗಿ ಅಲ್ಲಿ ಯಾವಾಗಲೂ ನಾಲ್ಕು ಜನ ಕಟಕಟೆಗೆ ಒರಗಿ ನಿಂತಿರುತ್ತಾರೆ, ತೂಗುವುದು ಏನೂ ಇಲ್ಲದಿದ್ದರೂ.

ನನ್ನ ಹೆಂಡತಿ ಬುರುಲ್ಚಾ ಜೀನನ್ನು ತಂದು ನನ್ನ ಹೆಗಲ ಮೇಲೆ ಹಾಕಿದಳು.

“ಹತ್ತಿ ರೀ, ನೋಡೋಣ.”

ಹತ್ತಿದೆ. ಬುರುಲ್ಚಾ ತಕ್ಕಡಿಯ ದಂಡದ ಮೇಲಿನ ತೂಕದ ಬೊಟ್ಟನ್ನು ಸರಿಸುತ್ತಾ ಸರಿಸುತ್ತಾ ನೂರೆಂಟರ ಹತ್ತಿರ ನಿಲ್ಲಿಸಿದಳು. ಕಟಕಟೆಗೆ ಒರಗಿದ್ದವರು ಬಾಯಲ್ಲಿ ಚ್ಚು ಚ್ಚು ಎಂದರು. ಅವರಲ್ಲಿ ಕದಿರಾಲಿಯೂ ಇದ್ದ. ಆಗ ಅವನು ಚಾಟಿಯ ಹಿಡಿಯಂತೆ ಇದ್ದ, ಗಾಳಿ ಬೀಸಿದರೆ ಕೋಟು ಮಾತ್ರ ನಿಂತಿರುತ್ತಿತ್ತು. ಅವನು ಕೇಳದೆಯೇ ಜೀನು ಹೊತ್ತು ಹತ್ತಿದ. ಎಪ್ಪತ್ತೂ ಆಗಲಿಲ್ಲ.

“ಅಳಿಯಾ, ಬೇಜಾರ್ ಮಾಡ್ಕೋಬೇಡ,” ಅಂದ. ನನಗೆ ಐವತ್ತು ದಾಟಿದೆ. ಹೆಂಡತಿಯ ತವರಿನವರಿಗೆ ನಾನು ಗೋರಿಗೆ ಹೋದರೂ ಅಳಿಯನೇ. “ಚಬ್ದಾರ್ ನಮ್ಮ ಲಾಯದಲ್ಲಿದ್ರೇನು, ನಿಮ್ಮ ಲಾಯದಲ್ಲಿದ್ರೇನು? ಯಾವಾಗ ಬೇಕಾದ್ರೂ ಬಂದು ಮೂತಿ ಸವರಿ ಹೋಗು.”

“ನೀನು ಅವನ ಮೇಲೆ ಯಾವಾಗಿಂದ ಕಣ್ಣಿಟ್ಟಿದ್ದೆ ಭಾವ?”

“ಅವನು ಮರಿಯಾಗಿದ್ದಾಗಿಂದ,” ಅಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿಲ್ಲ. ಅದೊಂದೇ ಅವನ ದೋಷ.

ಬುರುಲ್ಚಾ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟಳು. “ಬೇಸಿಗೆ ಮುಗಿದು ಮಂದೆ ಬೆಟ್ಟದಿಂದ ಇಳಿಯೋ ದಿನ ಇಬ್ರೂ ಇದರ ಮೇಲೆ ನಿಲ್ಲಿ. ಇವರು ಜೀನು ಸೇರಿ ತೊಂಬತ್ತರ ಒಳಗೆ ಬಂದಿದ್ರೆ ಕುದುರೆ ಇವರ್ದೇ. ಬರದೇ ಇದ್ರೆ ಅಣ್ಣಂದು. ಅಲ್ಲೀವರೆಗೂ ಯಾರೂ ಹತ್ತೋ ಹಾಗಿಲ್ಲ.”

ಆಗ ನಾನು ವಿಜ್ಞಾನದ ಕಡೆಗೆ ತಿರುಗಿದೆ.

ಶಾಲೆಯಲ್ಲಿ ನಮಗೆ ಒಂದು ವಿಷಯ ಚೆನ್ನಾಗಿ ಕಲಿಸಿದ್ದರು: ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎರಡನ್ನೂ ತೂಗು, ಯಾವುದೂ ಎಲ್ಲಿಯೂ ಮಾಯವಾಗುವುದಿಲ್ಲ. ಮೊದಲು ನಾನು ಊಟವನ್ನು ತೂಗಲು ಶುರುಮಾಡಿದೆ. ತಟ್ಟೆಯಲ್ಲಿ ಮಾಂಸ ಬಂದಾಗ ಒಂದು ಸಲ, ಉಳಿದ ಮೂಳೆಯನ್ನು ಇನ್ನೊಂದು ಸಲ. ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬರೆದೆ.

“ನನ್ನ ತವರಲ್ಲಿ ಯಾರೂ ನನ್ನ ಅಡುಗೇಗೆ ತಕ್ಕಡಿ ಹಿಡಿದಿರ್ಲಿಲ್ಲ,” ಅಂದಳು ಬುರುಲ್ಚಾ.

“ಇದು ವಿಜ್ಞಾನ ಕಣೇ.”

“ಹಾಗಾದ್ರೆ ಪಾತ್ರೇನೂ ವಿಜ್ಞಾನಾನೇ ತೊಳೀಲಿ.”

ಮಧ್ಯಾಹ್ನದ ಊಟ ಬಿಟ್ಟೆ. ಬೆಳಿಗ್ಗೆ ಸ್ವಲ್ಪ, ರಾತ್ರಿ ಸ್ವಲ್ಪ. ನಡುವೆ ಒಂದು ತುತ್ತೂ ಇಲ್ಲ. ಬಿಷ್ಕೆಕ್‌ನಲ್ಲಿ ನರ್ಸ್ ಆಗಿರುವ ಮಗಳು ಹೆಜ್ಜೆ ಎಣಿಸುವ ಕೈಗಡಿಯಾರ ಕಳಿಸಿದಳು. “ಅಪ್ಪಾ, ದಿನಾ ಹತ್ತು ಸಾವಿರ ಹೆಜ್ಜೆ ನಡೀರಿ, ತಾನಾಗೇ ಇಳಿಯುತ್ತೆ,” ಎಂದು ಫೋನಿನಲ್ಲಿ ಹೇಳಿದಳು. ನಮ್ಮ ಊರಿನಲ್ಲಿ ಹತ್ತು ಸಾವಿರ ಹೆಜ್ಜೆ ಎಂದರೆ ಎಲ್ಲ ಮನೆಗಳ ಮುಂದೆ ಹೋಗಿ, ಹೊಳೆ ಮುಟ್ಟಿ, ಮತ್ತೆ ಎಲ್ಲ ಮನೆಗಳ ಮುಂದೆ ಬರಬೇಕು. ನಡೆದೆ. ಗಡಿಯಾರ ಸಂಜೆಗೆ ಕೈಯಲ್ಲಿ ಗುರುಗುಟ್ಟಿ ನನ್ನನ್ನು ಹೊಗಳುತ್ತಿತ್ತು.

ತಿಂಗಳಾದ ಮೇಲೆ ತಕ್ಕಡಿ ಹತ್ತಿದೆ. ಎರಡು ಕಿಲೋ ಹೆಚ್ಚಾಗಿದ್ದೆ.

ನಗಬೇಡಿ. ನಾನೂ ನಗಲಿಲ್ಲ. ತಕ್ಕಡಿ ಕೆಟ್ಟಿರಬೇಕು ಎಂದುಕೊಂಡೆ. ಅದನ್ನು ಪರೀಕ್ಷಿಸಲು ಒಂದು ಟಗರನ್ನು ಬೇರೆ ಕಟ್ಟಿ, ಅದಕ್ಕೂ ಹುಲ್ಲು ಕಡಿಮೆ ಮಾಡಿದೆ. ವಾರಕ್ಕೆ ಟಗರು ಇಳಿಯಿತು. ಅಂದರೆ ತಕ್ಕಡಿ ಸರಿಯಾಗಿದೆ, ಟಗರೂ ಸರಿಯಾಗಿದೆ, ಕೆಟ್ಟಿರುವುದು ನಾನು. ಟೋಪಿ ತೆಗೆದು ತೂಗಿದೆ, ಬೂಟು ತೆಗೆದು ತೂಗಿದೆ. ಇನ್ನೂ ತೆಗೆಯಲು ಹೊರಟಾಗ ಬುರುಲ್ಚಾ ಕಟಕಟೆಗೆ ಕಂಬಳಿ ಕಟ್ಟಿದಳು.

ಆಮೇಲೆ ಒಂದು ದೊಡ್ಡ ವಿಷಯ ಕಂಡುಹಿಡಿದೆ. ಮಲಗುವ ಮುಂಚೆ ಒಂದು ಸಲ, ಎದ್ದ ತಕ್ಷಣ ಒಂದು ಸಲ ತೂಗಿದರೆ ರಾತ್ರಿ ನಾನು ಇಳಿಯುತ್ತಿದ್ದೆ. ಬೆಳಗಿನ ಚಹಾದಿಂದ ರಾತ್ರಿಯ ಊಟದವರೆಗೆ, ಏನೂ ತಿನ್ನದ ಹೊತ್ತಿನಲ್ಲಿ, ಏರುತ್ತಿದ್ದೆ. ಒಂದೆರಡು ದಿನವಲ್ಲ, ಪ್ರತಿದಿನ. ರಾತ್ರಿ ಇಲ್ಲದ್ದು, ಹಗಲು ಇರುವುದು ಯಾವುದು?

ಬಿಸಿಲು. ಗಿಡಗಳು ಬಿಸಿಲು ಕುಡಿದು ದಪ್ಪಗಾಗುತ್ತವೆ ಎಂದು ಪುಸ್ತಕದಲ್ಲೇ ಇದೆ. ನಮ್ಮ ಕಣಿವೆ ಎಷ್ಟು ಎತ್ತರದಲ್ಲಿದೆ ಎಂದರೆ ಬಿಸಿಲು ಬೇರೆ ಯಾರ ಕೈಗೂ ಸಿಗುವ ಮೊದಲು ನಮಗೆ ಸಿಗುತ್ತದೆ, ನೀರು ಬೆರೆಸದ ಹಾಲಿನಂತೆ. ಅದು ನನಗೆ ಹತ್ತುತ್ತಿದೆ ಎಂದು ತೀರ್ಮಾನಿಸಿದೆ. ಮಾರನೆಯ ದಿನ ಬುರುಲ್ಚಾಳ ಹೂವಿನ ಕೊಡೆ ಹಿಡಿದು ಹತ್ತು ಸಾವಿರ ಹೆಜ್ಜೆಗೆ ಹೊರಟೆ.

ಹೊಳೆಯಿಂದ ನೀರು ತರುತ್ತಿದ್ದ ಬತ್ಮಾ ಅಜ್ಜಿ ನನ್ನನ್ನು ನಿಲ್ಲಿಸಿದಳು. ಊರಿಗೇ ಹಿರಿಯಳು, ಎಂಬತ್ತರ ಮೇಲೆ ವಯಸ್ಸು.

“ಏನೋ ಶೈಲೋ, ಮದುವೆ ಹೆಣ್ಣಾಗಿದ್ದೀಯಾ?”

“ಬಿಸಿಲು ತಿಂದು ದಪ್ಪ ಆಗ್ತಿದ್ದೀನಿ ಅಜ್ಜಿ. ಅದಕ್ಕೇ ನೆರಳಲ್ಲಿ ಹೋಗ್ತಿದ್ದೀನಿ.”

“ಅಯ್ಯೋ ಪಾಪ,” ಅಂದಳು. “ಬಾ ಒಳಗೆ. ರೊಟ್ಟಿಗೆ ಬಾಯಿ ತಾಗಿಸಿ ಹೋಗು.”

ಬಾಗಿಲವರೆಗೆ ಬಂದವನು ರೊಟ್ಟಿಗೆ ಬಾಯಿ ತಾಗಿಸದೆ ಹೋಗುವುದುಂಟೇ? ಒಂದು ಚೂರು ಮುರಿದೆ. ಕೆನೆ ಇಟ್ಟಿದ್ದಳು, ಅದನ್ನು ಮುಟ್ಟದಿದ್ದರೆ ಹಸುವಿಗೆ ಅವಮಾನ. ಜಾಮ್ ಇಟ್ಟಿದ್ದಳು, ಅದು ಅವಳ ಸೊಸೆ ಮಾಡಿದ್ದು, ಸೊಸೆ ಅಲ್ಲೇ ನಿಂತಿದ್ದಳು. ಹುಳಿ ಬಂದ ಕುದುರೆ ಹಾಲು ಕುಮಿಸ್ ಒಂದು ಬಟ್ಟಲು. ಬಾಯಿ ಒರೆಸಿಕೊಂಡು ಹೊರಟೆ. ಪಕ್ಕದ ಮನೆಯವರಿಗೂ ಹೂವಿನ ಕೊಡೆ ಏಕೆಂದು ಕೇಳಬೇಕಿತ್ತು. ಅವರಾಚೆಯ ಮನೆಯವರಿಗೂ. ಕೊಡೆ ಹಿಡಿದ ದಿನದಿಂದ ನನ್ನನ್ನು ಕರೆಯದ ಬಾಗಿಲೇ ಇರಲಿಲ್ಲ. ವಾರದ ಕೊನೆಗೆ ತೂಗಿದರೆ ಮತ್ತೆ ಏರಿದ್ದೆ. ನೆರಳು ಬಿಸಿಲಿಗಿಂತ ಪುಷ್ಟಿ ಎಂದು ಲಾಯದ ಬಾಗಿಲ ಮೇಲೆ ಬರೆದುಕೊಂಡೆ.

ನೀವು ಅದೇಕೆ ಕೈ ನಿಲ್ಲಿಸಿದಿರಿ? ತಗೊಳ್ಳಿ, ತಗೊಳ್ಳಿ. ಈ ಜಾಮ್ ಕಾಡಿನ ಹಣ್ಣಿನದು, ಬುರುಲ್ಚಾಳೇ ಬಿಡಿಸಿ ತಂದದ್ದು. ಮುಟ್ಟದಿದ್ದರೆ ಅವಳಿಗೆ ಗೊತ್ತಾಗುತ್ತದೆ.

ಎಲ್ಲಿದ್ದೆ? ಹಾಂ, ಹೆಜ್ಜೆ. ಬಾಗಿಲ ಮೇಲಿನ ಲೆಕ್ಕವನ್ನು ದೂರದಲ್ಲಿ ನಿಂತು ನೋಡಿದಾಗ ಇನ್ನೊಂದು ಸತ್ಯ ಹೊಳೆಯಿತು. ಹೆಚ್ಚು ನಡೆದ ದಿನ ಹೆಚ್ಚು ಏರಿದ್ದೆ, ಕಡಿಮೆ ನಡೆದ ದಿನ ಕಡಿಮೆ. ಅಂದರೆ ದಪ್ಪ ಮಾಡುತ್ತಿರುವುದು ನಡಿಗೆ! ಮಗಳಿಗೆ ಫೋನ್ ಮಾಡಿದೆ.

“ಅಪ್ಪಾ, ಹಾಗಾಗೋಕೆ ಸಾಧ್ಯಾನೇ ಇಲ್ಲ. ನಡುವೆ ಏನಾದ್ರೂ ತಿಂತೀರಾ?”

“ಒಂದು ತುತ್ತೂ ಇಲ್ಲ ಮಗಳೇ. ಬೇಕಾದ್ರೆ ರೊಟ್ಟಿ ಮುಟ್ಟಿ ಹೇಳ್ತೀನಿ.”

ಮುಟ್ಟಿಯೇ ಹೇಳಿದೆ. ಮುಟ್ಟಿದ್ದಕ್ಕೆ ಒಂದು ಚೂರು ಮುರಿದೆ, ಮುಟ್ಟಿ ಹಾಗೇ ಬಿಟ್ಟರೆ ರೊಟ್ಟಿಗೆ ಬೇಜಾರು.

ಆಮೇಲೆ ನಡಿಗೆ ನಿಲ್ಲಿಸಿ ಮನೆಯಲ್ಲಿ ಮಲಗಿದೆ. ಮೂರು ದಿನ ಇಳಿದೆ! ಮಲಗಿದರೆ ಕೊಬ್ಬು ಕರಗುತ್ತದೆ ಎಂದು ಬರೆಯಲು ಸೀಮೆಸುಣ್ಣ ಎತ್ತಿಕೊಂಡಿದ್ದೆ, ಅಷ್ಟರಲ್ಲಿ ಶೈಲೋಬೆಕ್ ಹಾಸಿಗೆ ಹಿಡಿದಿದ್ದಾನೆ ಎಂಬ ಸುದ್ದಿ ಊರಿಗೆ ಹಬ್ಬಿತು. ಒಬ್ಬೊಬ್ಬರೂ ಕರಿದ ಹಿಟ್ಟಿನುಂಡೆ ಬೋರ್ಸೋಕ್ ತುಂಬಿದ ಬಟ್ಟಲು ಹಿಡಿದು ನೋಡಲು ಬಂದರು. ಅತಿಥಿಗಳು ಬಾಯಿ ತಾಗಿಸುವಾಗ ಮನೆಯವನು ಕೈಕಟ್ಟಿ ಕೂರುತ್ತಾನೆಯೇ? ಮತ್ತೆ ಏರಿದೆ. ಮಂದೆ ಇಳಿಯಲು ಇನ್ನು ಅರ್ಧ ಬೇಸಿಗೆ ಉಳಿದಿತ್ತು. ಕದಿರಾಲಿ ತನ್ನ ಲಾಯದಲ್ಲಿ ಹೊಸ ಗೂಟ ಹೊಡೆಯುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಒಂದು ಗೂಟಕ್ಕೆ ಅಷ್ಟು ಹೊತ್ತು ಹೊಡೆಯಬೇಕಾಗಿರಲಿಲ್ಲ.

ನಾನು ಹುಲ್ಲು ಹಾಕಲು ಹೋದಾಗ ಚಬ್ದಾರ್ ಜೀನಿನ ಕಡೆಗೆ ಮೂತಿ ತಿರುಗಿಸಿ ನಿಲ್ಲುತ್ತಿದ್ದ. ಆ ದಿನಗಳಲ್ಲಿ ನಾನು ಲಾಯದಲ್ಲಿ ಕೆಮ್ಮುತ್ತಿರಲಿಲ್ಲ.

ಕೊನೆಯದಾಗಿ ಒಂದು ಪ್ರಯೋಗ ಉಳಿದಿತ್ತು. ಟಗರಿನ ಕೊರಳಿಗೆ ಹಗ್ಗ ಕಟ್ಟಿದೆ. ನಾನು ನಡೆದಷ್ಟೇ ಅದೂ ನಡೆಯಬೇಕು. ಅದೇ ಬಿಸಿಲು, ಅದೇ ನೆರಳು, ಅದೇ ದಾರಿ. ನಾನು ಯಾರ ಮನೆಗಾದರೂ ಒಳಗೆ ಹೋದಾಗ ಟಗರನ್ನು ಬಾಗಿಲ ಗೂಟಕ್ಕೆ ಕಟ್ಟುತ್ತಿದ್ದೆ. ವಾರ ಕಳೆದ ಮೇಲೆ ಊರಿನವರ ಮುಂದೆ ಇಬ್ಬರೂ ತಕ್ಕಡಿ ಹತ್ತಿದೆವು. ಟಗರಿನ ಪಕ್ಕೆಲುಬು ಎಣಿಸಬಹುದಿತ್ತು. ನಾನು ಇನ್ನೂ ಏರಿದ್ದೆ.

“ಇಬ್ರೂ ಒಂದೇ ದಾರೀಲಿ ಹೋದ್ವಿ,” ಅಂದೆ. “ಒಂದೇ ಗಾಳಿ ಉಸಿರಾಡಿದ್ವಿ. ನಮ್ಮಿಬ್ರಿಗೂ ಏನು ವ್ಯತ್ಯಾಸ?”

“ಅವನು ಮಾತು ಕಡಿಮೆ ಆಡ್ತಾನೆ,” ಅಂದಳು ಬುರುಲ್ಚಾ.

“ಅವನಿಗೆ ಕೊಂಬಿದೆ,” ಅಂದ ಕದಿರಾಲಿ.

ಬತ್ಮಾ ಅಜ್ಜಿ ಟಗರಿನ ಬೆನ್ನು ಸವರುತ್ತಾ, “ಪಾಪದ್ದು, ಇದನ್ನ ಯಾರೂ ಒಳಗೆ ಕರೀಲಿಲ್ಲ,” ಅಂದಳು.

ನನ್ನ ತಲೆಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಒಂದೊಂದು ಬಾಗಿಲ ಹಿಂದೆಯೂ ಒಂದು ರೊಟ್ಟಿ, ಒಂದು ಬಟ್ಟಲು ಕೆನೆ, ಒಬ್ಬ ಸೊಸೆ, ಅವಳ ಜಾಮ್.

“ಬಾಯಿ ತಾಗಿಸಿದ್ದು!” ಅಂದೆ. “ನಾನು ಬಾಯಿ ತಾಗಿಸಿದ್ದನ್ನ ಬರೆದೇ ಇಲ್ಲ!”

ಆಗ ನೋಡಬೇಕಿತ್ತು ಊರಿನವರ ಸಿಟ್ಟು.

“ಬಾಯಿ ತಾಗಿಸೋದು ಊಟ ಆಗುತ್ತೇನೋ?” ಅಂದಳು ಅದೇ ಬತ್ಮಾ ಅಜ್ಜಿ, ತಾನೇ ಬೆಂಕಿ ಹಚ್ಚಿದ್ದು ಮರೆತು. “ರೊಟ್ಟಿಗೆ ಮರ್ಯಾದೆ ಕೊಡೋದು ಅದು. ಮರ್ಯಾದೆಗೆ ತೂಕ ಇರುತ್ತಾ?”

“ನಮ್ಮಪ್ಪ ಜೀವನಪೂರ್ತಿ ಬಾಯಿ ತಾಗಿಸಿದ,” ಅಂದ ಕದಿರಾಲಿ. “ಒಂದು ದಿನ ಲೆಕ್ಕ ಹಿಡೀಲಿಲ್ಲ. ನಿಂಗೆ ಹೊಟ್ಟೆ ಬಂದಿರೋದು ನಿನ್ನ ಗ್ರಹಚಾರ, ನಮ್ಮ ರೊಟ್ಟಿ ಮೇಲೆ ಯಾಕೆ ಹಾಕ್ತೀಯ ಅಳಿಯಾ?”

“ಅದರಿಂದ ಮೈ ಬರಲ್ಲ ಅಂತೀಯಾ?”

“ಒಂದು ಗುಲಗಂಜಿಯಷ್ಟೂ ಬರಲ್ಲ.”

“ಪರೀಕ್ಷೆ ಮಾಡೋಣ್ವಾ ಭಾವ?”

ಎಲ್ಲರ ಮುಂದೆ ಕೇಳಿದ್ದೆ. ಅವನು ಎದೆ ಉಬ್ಬಿಸಿದ. ಆಗ ಉಬ್ಬಿಸಲು ಅವನಲ್ಲಿ ಅದೊಂದೇ ಇತ್ತು. ನಿಯಮ ಹೀಗೆ: ದಿನಾ ಇಬ್ಬರೂ ಜೊತೆಯಲ್ಲಿ ನಡೆಯುವುದು. ಯಾವ ಬಾಗಿಲಲ್ಲಿ ಕರೆದರೂ ಇಬ್ಬರ ಪರವಾಗಿ ಅವನೇ ಬಾಯಿ ತಾಗಿಸುವುದು. ಅವನು ಹಿರಿಯ, ನಾನು ಅಳಿಯ. ಹಿರಿಯನ ಬಾಯಿ ತಾಗಿದರೆ ಜೊತೆಗಿದ್ದವನ ಬಾಯಿಯೂ ತಾಗಿದಂತೆಯೇ ಎಂದು ಬತ್ಮಾ ಅಜ್ಜಿ ಒಪ್ಪಿದಳು. ಅವಳ ಅಜ್ಜನ ಕಾಲದಲ್ಲಿ ಹಾಗಿತ್ತಂತೆ. ಇನ್ನೊಂದು ನಿಯಮ ನಾನೇ ಸೇರಿಸಿದೆ. ಪರೀಕ್ಷೆ ಮುಗಿಯುವವರೆಗೆ ಇಬ್ಬರೂ ತಕ್ಕಡಿ ಹತ್ತಬಾರದು. ತೂಕ ಗೊತ್ತಾದರೆ ಮನಸ್ಸು ಹೋಗಿ ಹೊಟ್ಟೆಗೆ ಹೇಳಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ದೊಡ್ಡ ಆಸ್ಪತ್ರೆಗಳಲ್ಲೂ ಹೀಗೆಯೇ ಮಾಡುತ್ತಾರೆ ಎಂದು ಮಗಳು ಹೇಳಿದ್ದಳು.

ನೋಡಿ, ನಾನು ಏನನ್ನೂ ಮುಚ್ಚಿಡಲಿಲ್ಲ. ಅವನಿಗೆ ಏನಾಗುತ್ತದೆ ಎಂದು ಎಲ್ಲರೆದುರು ಹೇಳಿಯೇ ಶುರುಮಾಡಿದೆ.

ಊರು ಪೂರ್ತಿ ಅವನ ಪರ ನಿಂತಿತು. ಬಾಯಿ ತಾಗಿಸುವುದರಿಂದ ಏನೂ ಆಗುವುದಿಲ್ಲ ಎಂದು ತೋರಿಸಬೇಕಲ್ಲ, ಅದಕ್ಕೇ ಕೆನೆಯನ್ನು ಮೊದಲಿಗಿಂತ ದಪ್ಪ ಮಾಡಿದರು. ಬೋರ್ಸೋಕ್‌ಗಳನ್ನು ಕುರಿಯ ಬಾಲದ ಕೊಬ್ಬಿನಲ್ಲಿ ಕರಿದರು. ನಾನು ಎದೆಯ ಮೇಲೆ ಕೈಯಿಟ್ಟು ಹೊಸ್ತಿಲ ಹತ್ತಿರ ಕೂರುತ್ತಿದ್ದೆ.

“ಭಾವ ಇರುವಾಗ ನಾನು ಕೈ ಮುಂದೆ ಮಾಡೋದು ಚೆನ್ನಾಗಿರಲ್ಲ,” ಎನ್ನುತ್ತಿದ್ದೆ.

“ನೋಡಿ ಕಲೀರಿ, ಅಳಿಯ ಅಂದ್ರೆ ಇವನು,” ಎನ್ನುತ್ತಿದ್ದರು ಹೆಂಗಸರು. ಇಪ್ಪತ್ತೈದು ವರ್ಷದಲ್ಲಿ ಹೆಂಡತಿಯ ಕಡೆಯವರು ನನ್ನನ್ನು ಹೊಗಳಿದ್ದು ಆ ಬೇಸಿಗೆಯಲ್ಲಿ ಮಾತ್ರ.

ಸ್ವಲ್ಪ ದಿನದಲ್ಲೇ ಕದಿರಾಲಿಯ ಅಂಗಿಯ ಗುಂಡಿ ಹಾಕಲು ಕಷ್ಟವಾಯಿತು.

“ಹೆಂಡ್ತಿ ಬಿಸಿನೀರಲ್ಲಿ ಒಗೆದು ಬಟ್ಟೆನೆಲ್ಲ ಕುಗ್ಗಿಸ್ಬಿಟ್ಟಿದ್ದಾಳೆ,” ಅಂದ.

“ಬೆಲ್ಟ್‌ನೂ ಒಗೆದ್ಲಾ ಭಾವ?”

“ಅವಳು ಎಲ್ಲಾನೂ ಒಗೀತಾಳೆ.”

ಬೇಸಿಗೆಯ ಕೊನೆಯಲ್ಲಿ ಹೊಳೆಯ ಕಡೆಯ ಏರಿನಲ್ಲಿ ನಾನು ನಿಂತು ಅವನಿಗಾಗಿ ಕಾಯಬೇಕಾಗುತ್ತಿತ್ತು. ಅವನು ಉಸಿರು ಬಿಡುತ್ತಾ ಬಂದು, ಈ ವರ್ಷ ಏರು ಸ್ವಲ್ಪ ಜಾಸ್ತಿಯಾಗಿದೆ ಎನ್ನುತ್ತಿದ್ದ. ಇರಬಹುದು ಭಾವ, ಬೆಟ್ಟಗಳು ಬೆಳೆಯುತ್ತವೆ ಎಂದು ಪುಸ್ತಕದಲ್ಲಿದೆ ಎನ್ನುತ್ತಿದ್ದೆ. ಅದೂ ಸುಳ್ಳಲ್ಲ.

ಮಂದೆ ಇಳಿಯುವ ದಿನ ಬಂತು. ಬೆಟ್ಟದಿಂದ ಇಳಿದ ಜನವೂ ಊರಿನ ಜನವೂ ಕಟಕಟೆಯ ಸುತ್ತ ಸೇರಿದರು. ಮೊದಲು ನಾನು ಜೀನು ಹೊತ್ತು ಹತ್ತಿದೆ. ಬುರುಲ್ಚಾ ಬೊಟ್ಟನ್ನು ತೊಂಬತ್ತಕ್ಕೆ ಇಟ್ಟಳು, ದಂಡ ಕೆಳಗೆ ವಾಲಿತು. ಹಿಂದಕ್ಕೆ ತಂದಳು, ಎಂಬತ್ತೆಂಟಕ್ಕೆ ನಿಂತಿತು. ಲಾಯದಲ್ಲಿ ಚಬ್ದಾರ್ ಒಂದು ಸಲ ಕಾಲು ಬಡಿದ.

ಆಮೇಲೆ ಅದೇ ಜೀನು ಹೊತ್ತು ಕದಿರಾಲಿ ಹತ್ತಿದ. ಬೊಟ್ಟು ಎಂಬತ್ತು ದಾಟಿತು. ತೊಂಬತ್ತು ದಾಟಿತು. ಬುರುಲ್ಚಾ ಅಣ್ಣನ ಮುಖ ನೋಡಿದಳು, ಮತ್ತೆ ಸರಿಸಿದಳು. ನೂರನಾಲ್ಕು.

ಕದಿರಾಲಿ ತನ್ನ ಹೊಟ್ಟೆಯನ್ನು ಬೇರೆಯವರದ್ದೆಂಬಂತೆ ನೋಡಿಕೊಂಡ. ಬತ್ಮಾ ಅಜ್ಜಿ ಮುಂದೆ ಬಂದು, ಬೊಟ್ಟನ್ನು ನೋಡಿ, ಅವನನ್ನು ನೋಡಿ, “ತಕ್ಕಡಿ ಹಳೇದಾಯ್ತು,” ಅಂದಳು.

“ಹೌದು, ತುಕ್ಕು ಹಿಡಿದಿದೆ,” ಅಂದರು ಎಲ್ಲರೂ. ಇವತ್ತಿಗೂ ಊರಿನಲ್ಲಿ ಅದೇ ಮಾತು. ತಕ್ಕಡಿ ಕೆಟ್ಟಿದೆ ಎನ್ನುತ್ತಲೇ ಅದರ ಮೇಲೆ ಕುರಿ ತೂಗಿಸಿಕೊಂಡು ಹೋಗುತ್ತಾರೆ. ಬಾಯಿ ತಾಗಿಸಿದ್ದು ಊಟ ಎಂದು ಯಾರೂ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಬುರುಲ್ಚಾ ಲಗಾಮು ತಂದು ನನ್ನ ಕೈಯಲ್ಲಿಟ್ಟಳು. ನನಗೆ ಅಷ್ಟೇ ಬೇಕಿತ್ತು.

ಅವತ್ತೇ ಚಬ್ದಾರನನ್ನು ಹತ್ತಿ ಕಣಿವೆಯ ಆ ತುದಿಯವರೆಗೆ ಹೋಗಿ ಬಂದೆ. ಎಡಗಾಲೆರಡು ಒಟ್ಟಿಗೆ, ಬಲಗಾಲೆರಡು ಒಟ್ಟಿಗೆ ಇಡುವ ಅವನ ನಡಿಗೆ ನೀವೇ ಅಂಗಳದಲ್ಲಿ ನೋಡಿದ್ದೀರಿ. ತೊಟ್ಟಿಲು ತೂಗಿದ ಹಾಗೆ. ಗಡಿಯಾರ ಕೈಯಲ್ಲಿತ್ತು. ಮನೆಗೆ ಬಂದು ನೋಡಿದರೆ ಹೆಜ್ಜೆ ಸೊನ್ನೆ. ಮಧ್ಯಾಹ್ನವಿಡೀ ಗಾಢ ನಿದ್ದೆ ಮಾಡಿದ್ದೀರಿ, ಇದೇ ರೀತಿ ಮುಂದುವರಿಸಿ ಎಂದು ಬರೆದಿತ್ತು.

ನಿಮ್ಮ ಕಣ್ಣು ಹೊಳೆಯಿತು, ಕಂಡೆ. ಹೊಳೆಯಬೇಕಾದ್ದೇ. ಅಂಥ ಕುದುರೆ ಈ ಸೀಮೆಯಲ್ಲಿಲ್ಲ. ಸೋತ ಮೇಲೆ ಕದಿರಾಲಿ ತನಗೆ ಸಿಗದಿದ್ದು ಅಳಿಯನಿಗೂ ಬೇಡ ಎಂದುಕೊಂಡು, ಕೇಳಿದರೆ ಇಲ್ಲ ಎನ್ನಲಾರದವನ ಮನೆಗೆ ಕೇಳುವವರನ್ನು ಕಳಿಸುತ್ತಿದ್ದಾನೆ. ನೀವು ಐದನೆಯವರು. ಅವರ್‍ಯಾರಿಗೂ ನಾನು ಇಲ್ಲ ಎಂದಿಲ್ಲ. ನಿಮಗೂ ಎನ್ನುವುದಿಲ್ಲ.

ಒಂದೇ ಒಂದು ಚಿಕ್ಕ ವಿಷಯ. ಬುರುಲ್ಚಾಳ ನಿಯಮ ಇನ್ನೂ ಹಾಗೆಯೇ ಇದೆ. ಚಬ್ದಾರ್ ಈ ಅಂಗಳ ದಾಟಬೇಕಾದರೆ ಅವನನ್ನು ಹತ್ತುವವರು ಜೀನು ಹೊತ್ತು ತಕ್ಕಡಿಯ ಮೇಲೆ ನಿಲ್ಲಬೇಕು, ತೊಂಬತ್ತು ದಾಟಬಾರದು. ಕಟಕಟೆಯ ಹತ್ತಿರ ಆಗಲೇ ನಾಲ್ಕು ಜನ ಬಂದು ಒರಗಿದ್ದಾರೆ, ನೋಡಿ. ನಿಮ್ಮ ತೂಕ ಕೇಳುವುದು ಸಭ್ಯತೆಯಲ್ಲ, ನಾನು ಕೇಳುವುದಿಲ್ಲ. ನೀವು ಒಳಗೆ ಬಂದಾಗ ನೆಲದ ಹಲಗೆ ಕಿರುಗುಟ್ಟಿದ್ದನ್ನು ಕೇಳಿ ನನ್ನಷ್ಟಕ್ಕೆ ಒಂದು ಅಂದಾಜು ಮಾಡಿದ್ದೆ. ಆದರೆ ಅದು ಬಂದಾಗಿನ ಮಾತು. ಆಮೇಲೆ ಕೆನೆ ಇತ್ತು, ಜಾಮ್ ಇತ್ತು. ಮತ್ತೆ, ಅಯ್ಯೋ ದೇವರೇ, ನಾನು ಆಣೆಗೆ ಕೈ ಇಟ್ಟ ರೊಟ್ಟಿ ಎಲ್ಲಿ? ಕೈ ಕೆಳಗೆ ಬರೀ ಹಾಸುಬಟ್ಟೆ ಇದೆಯಲ್ಲ! ಯಾವಾಗಿಂದ ನಾನು ಬಟ್ಟೆಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದೇನೆ? ಇರಲಿ ಬಿಡಿ, ಗಾಬರಿಯಾಗಬೇಡಿ, ಬಾಯಿ ತಾಗಿಸಿದ್ದು ನಮ್ಮಲ್ಲಿ ಲೆಕ್ಕಕ್ಕಿಲ್ಲ. ಅರೆ, ಎದ್ದೇ ಬಿಟ್ಟಿರಲ್ಲ? ಬುರುಲ್ಚಾ ಇನ್ನೊಂದು ರೊಟ್ಟಿ ತೆಗೆಯುತ್ತಿದ್ದಾಳೆ, ಬಿಸಿಯಿರುವಾಗಲೇ ಒಂದು ಚೂರು ಬಾಯಿ ತಾಗಿಸಿ. ಜೀನು ಬಾಗಿಲ ಹಿಂದೆ ಇದೆ, ಹೊತ್ತುಕೊಂಡೇ ಹೋಗಿ. ಅಲ್ಲ, ಆ ಕಡೆಯಲ್ಲ, ತಕ್ಕಡಿ ಎಡಗಡೆ ಇರುವುದು, ಬಲಗಡೆ ನಿಲ್ಲಿಸಿರುವುದು ನಿಮ್ಮ ಕಾ—